ಹೇಳಿ ಮಾಡಿಸಿದ ಕೆತ್ತನೆ ಮತ್ತು ಮುಕ್ತ ತಂತ್ರಾಂಶದ ಅಂಗಡಿ

ಕನ್ನಡದಲ್ಲಿ ‘ಹೇಳಿ ಮಾಡಿಸಿದಂತಿದೆ’ ಎಂಬ ನುಡಿಗಟ್ಟು ಬಹುಪ್ರಸಿದ್ಧವಾದುದು. ಅನುರೂಪವಾದ ವಧೂವರರ ಜೋಡಿಯನ್ನು ಕಂಡಾಗ, ಬಾಗಿಲ ಚೌಕಟ್ಟಿಗೆ ಕದವು ಕೂದಲೆಳೆಯಷ್ಟೂ ಸಂದಿಲ್ಲದೆ ಕೂಡಿಕೊಂಡಾಗ ಈ ಮಾತು ತಾನಾಗಿಯೇ ಬಾಯಿಗೆ ಬರುತ್ತದೆ. ಈ ನುಡಿಗಟ್ಟಿನ ಒಡಲಲ್ಲಿ ಒಂದು ವ್ಯವಹಾರಕ್ರಮವೇ ಅಡಗಿದೆ. ಹೇಳುವವನೊಬ್ಬ, ಮಾಡುವವನೊಬ್ಬ, ಹೇಳಿಕೆ ಮೊದಲು, ಮಾಟ ಅನಂತರ. ಪೇಟೆಯ ಸಿದ್ಧವಸ್ತುವಿನಲ್ಲಿ ಈ ಕ್ರಮ ತಲೆಕೆಳಗಾಗಿದೆ. ಅಲ್ಲಿ ವಸ್ತು ಮೊದಲೇ ಹುಟ್ಟಿ ಕೊಳ್ಳುವವನಿಗಾಗಿ ಕಾದಿರುತ್ತದೆ. ಕೊಳ್ಳುವವನು ತನ್ನ ಅಗತ್ಯವನ್ನು ವಸ್ತುವಿಗೆ ಹೊಂದಿಸಿಕೊಳ್ಳಬೇಕಾಗುತ್ತದೆ. ಅಂತರಜಾಲದ ಮೂಲಕ ನಡೆಯುವ ಇಂದಿನ ವ್ಯಾಪಾರದ ಬಹುಭಾಗ ಈ ಎರಡನೆಯ ಬಗೆಯದು. ಹೀಗಿರುವಲ್ಲಿ, ಹೇಳಿ ಮಾಡಿಸುವ ವಸ್ತುವನ್ನು ದೂರದ ಊರಿನವರಿಗೆ ಅಂತರಜಾಲದ ಮೂಲಕ ಮಾರುವುದು ಸಾಧ್ಯವೇ, ಸಾಧ್ಯವಾದರೆ ಆ ಅಂಗಡಿ ಎಂತಹುದಾಗಿರಬೇಕು ಎಂಬುದು ವಿಚಾರಾರ್ಹವಾದ ಪ್ರಶ್ನೆ. ಜಡೆಯ ಆಸುಪಾಸಿನ ಸೀಮೆಗೆ ಈ ಪ್ರಶ್ನೆ ಬರಿಯ ಬುದ್ಧಿವಿಲಾಸದ್ದಲ್ಲ.

ಸೊರಬ, ಸಾಗರ, ಸಿದ್ದಾಪುರ, ಶಿರಸಿಗಳ ಗುಡಿಗಾರರ ಹೆಸರನ್ನು ಕೇಳದವರು ಮಲೆನಾಡಿನಲ್ಲಿ ಇರಲಾರರು. ಶ್ರೀಗಂಧದ ಕೊರಡಿನಲ್ಲಿ ಬಳ್ಳಿ, ಹೂ, ಮೃಗ, ಪಕ್ಷಿ, ದೇವತಾರೂಪಗಳನ್ನು ಒಂದರೊಳಗೊಂದು ಹೆಣೆದಂತೆ ಕೊರೆದು, ಪೆಟ್ಟಿಗೆಯ ಮೈಯಲ್ಲಿ ಬೆರಳಗಲದ ಬಯಲೂ ಉಳಿಯದಂತೆ ತುಂಬುವ ಇವರ ಕೈಚಳಕವನ್ನು ಲೂಯಿ ರೈಸರು ತಮ್ಮ ಮೈಸೂರು ಗೆಝೆಟಿಯರಿನಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿಯೇ ದಾಖಲಿಸಿದ್ದಾರೆ. ಗುಡಿಯ ಕೆಲಸ ಮಾಡುವವರಾದ್ದರಿಂದ ಗುಡಿಗಾರರೆಂಬ ಹೆಸರು ಬಂದಿತೆಂದು ಹೇಳುವುದುಂಟು. ಗಂಧದ ಕೆತ್ತನೆಯೊಂದೇ ಇವರ ವೃತ್ತಿಯಲ್ಲ. ಬೆಂಡಿನ ಬಾಸಿಂಗ, ಮಣ್ಣಿನ ಗಣಪತಿ, ದೇವರ ಮಂಟಪ, ಪಲ್ಲಕ್ಕಿ ಇವೆಲ್ಲವೂ ಇವರ ಕೈಯಿಂದ ಆದಂಥವು. ಇವುಗಳಲ್ಲಿ ಯಾವುದನ್ನೂ ಮೊದಲೇ ಮಾಡಿ ಗುಡ್ಡೆಹಾಕಿಕೊಂಡು ಕೂರುವ ಪದ್ಧತಿ ಇರಲಿಲ್ಲವೆಂಬುದನ್ನು ಗಮನಿಸಬೇಕು. ಬಾಸಿಂಗ ಒಂದು ಮದುವೆಯದು. ಮಂಟಪ ಒಂದು ದೇವರ ಅಳತೆಯದು. ಮಾನ್ಯರಿಗೆ ಬಿನ್ನವತ್ತಳೆಯನ್ನಿಟ್ಟು ಒಪ್ಪಿಸುವ ಕರಂಡಕ ಒಬ್ಬ ವ್ಯಕ್ತಿಯ ಹೆಸರಿನದು.

ಇಂತಹ ವಸ್ತುವನ್ನು ಮಾಡಿಸುವ ಹಳೆಯ ಕ್ರಮವನ್ನು ಸ್ವಲ್ಪ ವಿವರವಾಗಿಯೇ ನೋಡುವುದು ಒಳ್ಳೆಯದು, ಏಕೆಂದರೆ ಮುಂದೆ ಹೇಳುವ ಯಂತ್ರವ್ಯವಸ್ಥೆಯ ಗುಣದೋಷಗಳನ್ನು ಅಳೆಯಲು ಅದೇ ಮಾನದಂಡ. ಮಾಡಿಸುವವರು ಕಸಬುದಾರರ ಮನೆಯಂಗಳಕ್ಕೆ ಬರುವರು. ಇಂಥ ದೇವರು, ಇಷ್ಟೆತ್ತರ, ಇಂಥ ಮರ ಎಂದು ಮಾತು ಆರಂಭವಾಗುವುದು. ಕೆತ್ತುವವರು ಹಲಗೆಯ ಮೇಲೆ ಸೀಮೆಸುಣ್ಣದಿಂದಲೋ ಇದ್ದಿಲಿನಿಂದಲೋ ಒಂದು ಗೀಟು ಹಾಕಿ ತೋರಿಸುವರು. “ಪ್ರಭಾವಳಿ ಇಷ್ಟು ಅಗಲ ಬಂದರೆ ನಿಮ್ಮ ಗರ್ಭಗುಡಿಯ ಬಾಗಿಲಲ್ಲಿ ಹೋಗುವುದಿಲ್ಲವಲ್ಲ” ಎಂದು ಅವರೇ ತಿದ್ದುವರು. ಮಾಡಿಸುವವರ ಬಯಕೆಯೂ ಮಾಡುವವರ ಅನುಭವವೂ ಹೀಗೆ ಒಂದನ್ನೊಂದು ಕಂಡು, ತಿದ್ದಿ, ಒಪ್ಪಿದ ಮೇಲೆ ಬೆಲೆ, ಮುಂಗಡ, ಮುಗಿಸುವ ದಿನ. ಕಾಗದವೊಂದೂ ಇಲ್ಲದೆ ಮಾತೇ ಪತ್ರವಾಗಿ ನಿಲ್ಲುತ್ತಿತ್ತು. ವಸ್ತು ಕೈಸೇರಿದಾಗ ಜಗಳಗಳೂ ಆಗಿರಬಹುದು. ಆದರೆ ಜಗಳವಾಡಲಿಕ್ಕಾದರೂ ಇಬ್ಬರೂ ಒಬ್ಬರಿಗೊಬ್ಬರು ಗೊತ್ತಿದ್ದರು.

ಆ ಗೊತ್ತಿರುವಿಕೆ ಸಣ್ಣ ಸಂಗತಿಯಲ್ಲ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯ ದಾಸೋಜ ಹಾಗೂ ಅವನ ಮಗ ಚಾವಣ ಎಂಬ ಶಿಲ್ಪಿಗಳು, ವಿಷ್ಣುವರ್ಧನನು 1117ರಲ್ಲಿ ಪ್ರತಿಷ್ಠೆ ಮಾಡಿಸಿದ ಬೇಲೂರಿನ ಚೆನ್ನಕೇಶವ ದೇವಾಲಯದಲ್ಲಿ ಕೆಲಸಮಾಡಿ, ತಾವು ಕಡೆದ ವಿಗ್ರಹಗಳ ಕೆಳಗೆ ತಮ್ಮ ಹೆಸರನ್ನೂ ಊರನ್ನೂ ಕೊರೆದಿದ್ದಾರೆ. ಅರಸನ ಹಣದಿಂದ, ಅರಸನ ಆಜ್ಞೆಯಂತೆ ಆದ ಕೆಲಸದಲ್ಲಿಯೂ ಕೈ ಯಾರದೆಂಬುದು ಮರೆಯಾಗಲಿಲ್ಲ. ಒಂಬೈನೂರು ವರ್ಷಗಳ ತರುವಾಯ, ವಿದ್ಯುನ್ಮಾನದ ಈ ಯುಗದಲ್ಲಿ, ನಗರದ ಮಳಿಗೆಯ ಗಾಜಿನ ಕಪಾಟಿನಲ್ಲಿಯೋ ಅಂತರಜಾಲದ ಪುಟದಲ್ಲಿಯೋ ಕಾಣುವ ಗಂಧದ ಗಣಪತಿಯ ಕೆಳಗೆ ಬೆಲೆಯ ಚೀಟಿ ಇರುತ್ತದೆ. ಕೆತ್ತಿದವರ ಹೆಸರು ಬಹುಪಾಲು ಇರುವುದಿಲ್ಲ. ಇದು ಯಾರೊಬ್ಬರ ದುರುದ್ದೇಶದಿಂದ ಆದುದಲ್ಲ. ಕೊಳ್ಳುವವರಿಗೂ ಮಾಡುವವರಿಗೂ ನಡುವೆ ದೂರ ಬೆಳೆದಷ್ಟೂ ನಡುವಣವರ ಹೆಸರು ದೊಡ್ಡದಾಗುವುದು ವ್ಯಾಪಾರದ ಸ್ವಭಾವ.

ಕರ್ನಾಟಕದಲ್ಲಿ ಈ ದೂರವನ್ನು ತಗ್ಗಿಸಲು ಪ್ರಯತ್ನಗಳು ನಡೆಯದೆ ಇಲ್ಲ. 1964ರಲ್ಲಿ ಸ್ಥಾಪಿತವಾದ ಕರಕುಶಲ ಅಭಿವೃದ್ಧಿ ನಿಗಮವು ‘ಕಾವೇರಿ’ ಮಳಿಗೆಗಳ ಮೂಲಕ ಕುಶಲಕರ್ಮಿಗಳ ವಸ್ತುಗಳಿಗೆ ಪೇಟೆಯನ್ನು ಒದಗಿಸಿತು. 2007ರಲ್ಲಿ ಬೆಂಗಳೂರಿನಲ್ಲಿ ಪುಸ್ತಕ ಮಾರುತ್ತ ಹುಟ್ಟಿದ ಫ್ಲಿಪ್‌ಕಾರ್ಟ್ 2019ರಲ್ಲಿ ‘ಸಮರ್ಥ್’ ಎಂಬ ಯೋಜನೆಯಿಂದ ಕುಶಲಕರ್ಮಿಗಳನ್ನೂ ನೇಕಾರರನ್ನೂ ತನ್ನ ಸಂತೆಗೆ ಕರೆದುಕೊಂಡಿತು. ಸಿದ್ಧವಸ್ತುವಿಗೆ ಇವೆಲ್ಲ ಉಪಕಾರಕವೇ ಸರಿ. ಆದರೆ ಈ ಮಹಾಸಂತೆಗಳ ಕಟ್ಟಳೆಯೆಲ್ಲ ಏಕರೂಪದ ವಸ್ತುವಿಗಾಗಿ ಏರ್ಪಟ್ಟದ್ದು: ಚಿತ್ರದಲ್ಲಿರುವಂಥದೇ ಇನ್ನೂರು ಇರಬೇಕು, ಎರಡು ದಿನದಲ್ಲಿ ಹೊರಡಬೇಕು, ಹಿಡಿಸದಿದ್ದರೆ ಹಿಂದಕ್ಕೆ ಬರಬೇಕು. ‘ನಮ್ಮ ಮನೆಯ ಗೂಡಿಗೆ ಹೊಂದುವಂತೆ ಒಂಬತ್ತೂವರೆ ಅಂಗುಲ’ ಎಂಬ ಮಾತನ್ನು ಹೇಳಲು ಅಲ್ಲಿ ಜಾಗವೇ ಇಲ್ಲ, ಅಥವಾ ಇರುವ ಜಾಗ ಬಲು ಕಿರಿದು. ಇದಕ್ಕಿಂತ ಹೆಚ್ಚಾಗಿ, ಕೊಂಡವರ ವಿವರ ಸಂತೆಯ ಒಡೆಯರ ಬಳಿ ಉಳಿಯುತ್ತದೆ. ಒಮ್ಮೆ ಕೊಂಡವರು ಮತ್ತೊಮ್ಮೆ ಬರಬೇಕಾದರೆ ಅವರು ಬರುವುದು ಸಂತೆಗೆ, ಕೆತ್ತಿದವರ ಬಳಿಗಲ್ಲ.

ಇನ್ನೊಂದು ದಾರಿಯೆಂದರೆ ಕಸಬುದಾರರೇ, ಅಥವಾ ನಾಲ್ಕಾರು ಕುಟುಂಬಗಳು ಸೇರಿ, ಅಂತರಜಾಲದಲ್ಲಿ ತಮ್ಮದೇ ಅಂಗಡಿಯನ್ನು ತೆರೆಯುವುದು. ಇದಕ್ಕೆ ಬೇಕಾದ ತಂತ್ರಾಂಶವನ್ನು ಸ್ವತಃ ಬರೆಯಿಸುವುದು ದುಸ್ಸಾಧ್ಯ. ಬಾಡಿಗೆಗೆ ಪಡೆದರೆ ಬಾಡಿಗೆ ನಿಂತ ದಿನ ಅಂಗಡಿಯೂ ಮುಚ್ಚುತ್ತದೆ. ಇಲ್ಲಿ ಒದಗಿಬರುವುದು ಮುಕ್ತ ತಂತ್ರಾಂಶ. ‘ಮುಕ್ತ’ ಎಂಬುದನ್ನು ‘ಬಿಟ್ಟಿ’ ಎಂದು ತಿಳಿಯುವ ವಾಡಿಕೆ ಇದೆ, ಅದು ಸರಿಯಲ್ಲ. ಅಮೆರಿಕದ ರಿಚರ್ಡ್ ಸ್ಟಾಲ್ಮನ್ನರು 1983ರಲ್ಲಿ ಆರಂಭಿಸಿದ ಗ್ನೂ ಯೋಜನೆಯಿಂದ ಈ ವಿಚಾರಕ್ಕೆ ಸ್ಪಷ್ಟ ರೂಪ ಬಂದಿತು. 1989ರಲ್ಲಿ ಅದರ ಸಾರ್ವಜನಿಕ ಪರವಾನಗಿಯ ಮೊದಲ ಪಾಠ ಪ್ರಕಟವಾಯಿತು. ತಂತ್ರಾಂಶವನ್ನು ಬೇಕಾದ ಕಾರ್ಯಕ್ಕೆ ಬಳಸುವ, ಅದರ ಮೂಲಬರಹವನ್ನು ಓದಿ ತಿಳಿಯುವ, ಪ್ರತಿಯನ್ನು ಪರರಿಗೆ ಕೊಡುವ, ತಿದ್ದಿದ ಪಾಠವನ್ನೂ ಹಂಚುವ ನಾಲ್ಕು ಸ್ವಾತಂತ್ರ್ಯಗಳು ಅಲ್ಲಿ ಹೇಳಲ್ಪಟ್ಟಿವೆ. ಓಲೆಗರಿಯ ಕಾಲದ ಗ್ರಂಥಗಳು ಹೀಗೆಯೇ ಉಳಿದುಬಂದವೆಂಬುದನ್ನು ವಿದ್ವಾಂಸರಿಗೆ ನೆನಪಿಸಬೇಕಾದ್ದಿಲ್ಲ. ಪ್ರತಿ ಮಾಡಿಕೊಳ್ಳುವ ಹಕ್ಕು ಒಬ್ಬರಲ್ಲಿಯೇ ಇದ್ದಿದ್ದರೆ ಎಷ್ಟು ಕಾವ್ಯಗಳು ಗೆದ್ದಲ ಪಾಲಾಗುತ್ತಿದ್ದವೋ!

ಅಂಗಡಿಯ ತಂತ್ರಾಂಶಗಳಲ್ಲಿ ಈ ಜಾತಿಯವು ಹಲವಿವೆ. ಜರ್ಮನಿಯಲ್ಲಿ 2000ದಲ್ಲಿ ಹುಟ್ಟಿದ ಓಎಸ್‌ಕಾಮರ್ಸ್ ಈ ಪೀಳಿಗೆಯ ಹಿರಿಯರಲ್ಲೊಂದು, ಫ್ರಾನ್ಸಿನ ಪ್ರೆಸ್ಟಾಶಾಪ್ 2007ರದು, ಮ್ಯಾಜೆಂಟೊ 2008ರದು. ಅತ್ಯಂತ ಪ್ರಚಲಿತವಾದ ವೂಕಾಮರ್ಸ್ 2011ರಲ್ಲಿ ಹೊರಬಂದಿತು. ಅದು ಜಿಗೋಶಾಪ್ ಎಂಬ ಬೇರೊಂದು ಮುಕ್ತ ತಂತ್ರಾಂಶದಿಂದ ಒಡೆದ ಕವಲು; 2003ರಿಂದ ಬೆಳೆದುಬಂದ ವರ್ಡ್‌ಪ್ರೆಸ್ ಎಂಬ ಪುಟವ್ಯವಸ್ಥೆಯ ಮೇಲೆ ಕೂಡುವಂಥದು. 2015ರಲ್ಲಿ ಅದರ ಒಡೆತನ ಆಟೊಮ್ಯಾಟಿಕ್ ಎಂಬ ಸಂಸ್ಥೆಗೆ ಹೋಯಿತು. ಮ್ಯಾಜೆಂಟೊ ಸಹ ಎರಡು ಬಾರಿ ಕೈಬದಲಾಗಿ 2018ರಲ್ಲಿ ಅಡೋಬಿಯ ವಶವಾಯಿತು. ಒಡೆಯರು ಬದಲಾದರೂ ಅವುಗಳ ಮೂಲಬರಹದ ಮುಕ್ತಪಾಠವನ್ನು ಆಶ್ರಯಿಸಿದ ಅಂಗಡಿಗಳು ಮುಚ್ಚಿಹೋಗಲಿಲ್ಲ. ಬಾಡಿಗೆಯ ಅಂಗಡಿಗೂ ಇದಕ್ಕೂ ಇರುವ ಅಂತರ ಇಲ್ಲಿಯೇ ಇದೆ.

ಇನ್ನು ಹೇಳಿ ಮಾಡಿಸುವ ವಸ್ತುವನ್ನು ಈ ತಂತ್ರಾಂಶಗಳು ಹೇಗೆ ಗ್ರಹಿಸುತ್ತವೆಂಬುದನ್ನು ವಿಚಾರಿಸೋಣ. ವ್ಯಾಕರಣ ಬಲ್ಲವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ಪ್ರಕೃತಿಗೆ ಪ್ರತ್ಯಯ ಸೇರಿ ಪದವಾಗುವಂತೆ, ಮೂಲವಸ್ತುವಿಗೆ ಆಯ್ಕೆಗಳು ಸೇರಿ ಕೊಳ್ಳುವವರ ವಸ್ತುವಾಗುತ್ತದೆ. ಒಂದು ಪೆಟ್ಟಿಗೆಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಮರ ಮೂರು ಬಗೆ: ಶ್ರೀಗಂಧ, ಶಿವನೆ, ತೇಗ. ಅಳತೆ ನಾಲ್ಕು, ಚಿತ್ತಾರ ಐದು, ಬೀಗ ಉಂಟು ಅಥವಾ ಇಲ್ಲ ಎಂದು ಎರಡು. ಇವುಗಳನ್ನು ಗುಣಿಸಿದರೆ 120 ರೂಪಗಳಾದವು. ಇಂತಹ ರೂಪಗಳಿಗೆ ವೂಕಾಮರ್ಸಿನಲ್ಲಿ ‘ವೇರಿಯೇಷನ್’ ಎಂದೂ ಪ್ರೆಸ್ಟಾಶಾಪಿನಲ್ಲಿ ‘ಕಾಂಬಿನೇಷನ್’ ಎಂದೂ ಹೆಸರು. ಒಂದೊಂದಕ್ಕೂ ಬೇರೆ ಬೆಲೆ, ಬೇರೆ ಚಿತ್ರ ಕೊಡಬಹುದು. ಆದರೆ ಎಲ್ಲ ಪ್ರತ್ಯಯಗಳೂ ಎಲ್ಲ ಪ್ರಕೃತಿಗಳಿಗೂ ಹತ್ತವು. ಆರಂಗುಲದ ಗಂಧದ ಪೆಟ್ಟಿಗೆಗೆ ದಶಾವತಾರದ ಪಟ್ಟಿಕೆ ಕೆತ್ತಲು ಸ್ಥಳ ಸಾಲದು. ಅಂಥ ಅಸಾಧುರೂಪಗಳನ್ನು ಅಂಗಡಿಕಾರರು ಮೊದಲೇ ತೆಗೆದುಹಾಕಿರಬೇಕು. ಇಲ್ಲದಿದ್ದರೆ ಯಂತ್ರವು ನಿಸ್ಸಂಕೋಚವಾಗಿ ಅದನ್ನು ಮಾರಿ, ಹಣವನ್ನೂ ಪಡೆದು, ಕೆತ್ತುವವರನ್ನು ಪೇಚಿಗೆ ಸಿಕ್ಕಿಸುತ್ತದೆ. ಯಾವುದು ಆಗದು ಎಂಬ ಪಟ್ಟಿಯನ್ನು ಬರೆಯಲು ತಂತ್ರಜ್ಞರಿಗೆ ಬರುವುದಿಲ್ಲ. ಅದನ್ನು ಉಳಿ ಹಿಡಿದವರೇ ಹೇಳಬೇಕು.

ಎಣಿಸಿ ಮುಗಿಸಲಾಗದ ಆಯ್ಕೆಗಳ ಮಾತು ಬೇರೆ. ಕೆತ್ತಿಸಬೇಕಾದ ಹೆಸರು, ಕೂಡಿಸಬೇಕಾದ ಭಾವಚಿತ್ರ, ಮನೆಯ ಗೂಡಿನ ಅಳತೆ ಇವು ಪಟ್ಟಿಗೆ ಒಗ್ಗುವುದಿಲ್ಲ. ಇವಕ್ಕೆ ಬರೆಯುವ ಅಂಕಣವೂ ಕಡತವನ್ನು ಕಳುಹಿಸುವ ಕಿಂಡಿಯೂ ಬೇಕು. ಓಪನ್‌ಕಾರ್ಟ್, ಮ್ಯಾಜೆಂಟೊ, ಪ್ರೆಸ್ಟಾಶಾಪ್‌ಗಳಲ್ಲಿ ಇವು ಮೂಲದಲ್ಲಿಯೇ ಅಡಕವಾಗಿವೆ. ವೂಕಾಮರ್ಸಿನಲ್ಲಿ ಇದಕ್ಕಾಗಿ ಪ್ಲಗಿನ್ ಎಂಬ ಜೋಡಣೆಯನ್ನು ಸೇರಿಸಿಕೊಳ್ಳಬೇಕು. ಅವುಗಳಲ್ಲಿ ಉಚಿತವಾದವೂ ಉಂಟು, ವರ್ಷವರ್ಷ ಹಣ ಬೇಡುವವೂ ಉಂಟು. ಅಂಗಡಿಯನ್ನು ಆಯುವ ಮೊದಲು ಈ ಒಂದು ಭೇದವನ್ನು ವಿಚಾರಿಸಿಕೊಂಡರೆ ಮುಂದಿನ ವೆಚ್ಚ ಎಷ್ಟೋ ತಗ್ಗುತ್ತದೆ.

ಬೆಲೆಯ ವಿಷಯದಲ್ಲಿ ಯಂತ್ರದ ಅಂದಾಜನ್ನು ನೆಚ್ಚಿಕೊಂಡರೆ ನಷ್ಟ ಖಂಡಿತ. ಆರಂಗುಲದ ವಿಗ್ರಹಕ್ಕೆ ಇಂತಿಷ್ಟಾದರೆ ಹನ್ನೆರಡಂಗುಲದ್ದಕ್ಕೆ ಅದರ ಇಮ್ಮಡಿ ಎಂದು ಬರೆದಿಡುವ ಅಂಗಡಿಕಾರರುಂಟು. ಶಾಲೆಯ ಕ್ಷೇತ್ರಗಣಿತವನ್ನು ನೆನೆದರೆ ತಪ್ಪು ಹೊಳೆಯುತ್ತದೆ. ಉದ್ದ, ಅಗಲ, ದಪ್ಪ ಮೂರೂ ಇಮ್ಮಡಿಯಾದಾಗ ಮರದ ಪ್ರಮಾಣ ಎಂಟು ಪಟ್ಟಾಗುತ್ತದೆ. ಉಳಿ ಆಡಬೇಕಾದ ಮೇಲ್ಮೈ ನಾಲ್ಕು ಪಟ್ಟು. ಶ್ರೀಗಂಧವನ್ನು ತೂಕದಿಂದ ಮಾರುತ್ತಾರಾದ್ದರಿಂದ ಇಮ್ಮಡಿ ಬೆಲೆಗೆ ಒಪ್ಪಿದ ಕಸಬುದಾರರು ಮರದ ಹಣವನ್ನೂ ಕೈಯಿಂದಲೇ ತೆರಬೇಕಾದೀತು. ಮರಕ್ಕೊಂದು, ಕೆತ್ತನೆಗೊಂದು ಸೂತ್ರವನ್ನು ಬೇರೆಬೇರೆಯಾಗಿ ಹಾಕಿ ಕೂಡಿಸುವ ವ್ಯವಸ್ಥೆ ಸಿದ್ಧ ತಂತ್ರಾಂಶದಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಮೂಲಬರಹ ಮುಕ್ತವಾಗಿರುವುದರಿಂದ ಅದನ್ನು ಸೇರಿಸಿಕೊಳ್ಳಬಹುದು. ಸೇರಿಸಲಾಗದಿದ್ದರೆ ಬೆಲೆಯನ್ನೇ ತೋರಿಸದೆ ‘ಅಳತೆ ತಿಳಿಸಿ, ಬೆಲೆ ಹೇಳುತ್ತೇವೆ’ ಎಂದು ಬರೆಯುವುದು ಮೇಲು. ಅಂಗಳದ ಹಳೆಯ ಮಾತುಕತೆಗೂ ಅದೇ ಹತ್ತಿರ.

ಹೆಸರು ಕೆತ್ತಿಸುವ ವಿಷಯದಲ್ಲಿ ಕನ್ನಡಿಗರಿಗೆ ವಿಶೇಷವಾದ ಒಂದು ತೊಡಕಿದೆ. ಅದನ್ನು ಕನ್ನಡ ಉಪಾಧ್ಯಾಯರಲ್ಲದೆ ಬೇರೆಯವರು ಬೇಗ ಗುರುತಿಸಲಾರರು. ‘ಇಪ್ಪತ್ತು ಅಕ್ಷರಗಳಿಗೆ ಮೀರದಂತೆ’ ಎಂದೋ, ‘ಅಕ್ಷರವೊಂದಕ್ಕೆ ಇಷ್ಟು ರೂಪಾಯಿ’ ಎಂದೋ ಅಂಕಣದಲ್ಲಿ ಕಟ್ಟಳೆ ಮಾಡುವುದು ರೂಢಿ. ರೋಮನ್ ಲಿಪಿಯಲ್ಲಿ ಇದು ಸರಿಹೋಗುತ್ತದೆ. ಆದರೆ ಯಂತ್ರಕ್ಕೆ ಅಕ್ಷರವೆಂದರೆ ನಮ್ಮ ಅಕ್ಷರವಲ್ಲ. ಯುನಿಕೋಡ್ ವ್ಯವಸ್ಥೆಯಲ್ಲಿ ವ್ಯಂಜನ, ಗುಣಿತಚಿಹ್ನೆ, ಹಲಂತಚಿಹ್ನೆ ಇವುಗಳಿಗೆ ಪ್ರತ್ಯೇಕ ಸಂಕೇತಗಳಿವೆ. ‘ಶ್ರೀ’ ಎಂಬ ಏಕಾಕ್ಷರವನ್ನು ಯಂತ್ರವು ಶಕಾರ, ಹಲಂತ, ರಕಾರ, ಈಕಾರದ ಚಿಹ್ನೆ ಎಂದು ನಾಲ್ಕಾಗಿ ಎಣಿಸುತ್ತದೆ. ‘ಅಲ್ಲಮಪ್ರಭು’ ಎಂಬ ಐದಕ್ಷರದ ಹೆಸರು ಹತ್ತಾಗುತ್ತದೆ, ‘ಅಕ್ಕಮಹಾದೇವಿ’ಯ ಆರು ಹನ್ನೊಂದಾಗುತ್ತದೆ, ‘ಸ್ವಾತಂತ್ರ್ಯ’ದ ಮೂರು ಸಹ ಹನ್ನೊಂದೇ. ಸಂಕೇತಗಳ ಬದಲು ಬೈಟುಗಳನ್ನೇ ಎಣಿಸುವ ತಂತ್ರಾಂಶವಾದರೆ, ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟುಗಳಾದ್ದರಿಂದ, ‘ಶ್ರೀ’ ಒಂದೇ ಹನ್ನೆರಡಾಗಿ ಕೂರುತ್ತದೆ! ಉಳಿಯ ಕೆಲಸ ಒಂದಕ್ಷರದ್ದು, ತೆರಬೇಕಾದ ಹಣ ನಾಲ್ಕಕ್ಷರದ್ದು ಎಂದಾದರೆ ಕೊಳ್ಳುವವರು ಮೋಸವೆಂದೇ ತಿಳಿಯುವರು. ಅದೂ ಅಲ್ಲದೆ ಎರಡು ಹೆಸರುಗಳನ್ನು ಬರೆಯಹೊರಟ ದಂಪತಿಗಳಿಗೆ ಅಂಕಣವು ನಡುವೆಯೇ ಮುಗಿದು, ಪತಿಯ ಹೆಸರು ಪೂರ್ತಿಯಾಗಿ ಪತ್ನಿಯ ಹೆಸರು ಅರ್ಧಕ್ಕೆ ನಿಲ್ಲಬಹುದು.

ಪರಿಹಾರ ಕಠಿನವಲ್ಲ. ಸ್ವರಗಳನ್ನೂ ವ್ಯಂಜನಗಳನ್ನೂ ಎಣಿಸು. ಹಲಂತಚಿಹ್ನೆಯ ಬೆನ್ನಿಗೆ ಬರುವ ವ್ಯಂಜನವನ್ನು ಬಿಡು. ಗುಣಿತಚಿಹ್ನೆ, ಅನುಸ್ವಾರ, ವಿಸರ್ಗಗಳನ್ನು ಎಣಿಸಬೇಡ. ಇಷ್ಟು ಸೂತ್ರವನ್ನು ಮುಕ್ತ ತಂತ್ರಾಂಶದಲ್ಲಿ ಸೇರಿಸುವುದು ಅರ್ಧ ದಿನದ ಕೆಲಸ. ಹೀಗೆ ಒಬ್ಬರು ಮಾಡಿದುದನ್ನು ಪರವಾನಗಿಯ ಪ್ರಕಾರ ಎಲ್ಲ ಕನ್ನಡ ಅಂಗಡಿಗಳಿಗೂ ಹಂಚಬಹುದು. ಮೂಲಬರಹವನ್ನು ಬಚ್ಚಿಟ್ಟ ತಂತ್ರಾಂಶವಾದರೆ ಅದರ ಒಡೆಯರಿಗೆ ಅರ್ಜಿ ಬರೆದು ಕಾಯಬೇಕು. ಕನ್ನಡದ ಒಂದು ಪುಟ್ಟ ಅಂಗಡಿಯ ಒತ್ತಕ್ಷರದ ಗೋಳು ಅವರ ಕಿವಿಗೆ ಬೀಳುವ ಸಂಭವ ಕಡಿಮೆ.

ಎಣಿಕೆಯ ನಂತರ ಆಕೃತಿಯ ಪ್ರಶ್ನೆ. ‘ಸೂರ್ಯ’ ಎಂಬುದನ್ನು ಅರ್ಕಾವೊತ್ತಿನಿಂದ ಬರೆಯುವವರುಂಟು, ರಕಾರಕ್ಕೆ ಯಕಾರವನ್ನು ಒತ್ತಾಗಿ ಕೊಟ್ಟು ‘ಸೂರ‍್ಯ’ ಎಂದು ಬರೆಯುವವರೂ ಉಂಟು. ಎರಡೂ ಸಾಧು, ಆದರೆ ತೇಗದ ಫಲಕದ ಮೇಲೆ ಒಮ್ಮೆ ಕೊರೆದ ಮೇಲೆ ಅಳಿಸಲಾಗದು. ‘ಲಕ್ಷ್ಮಿ’ಯ ಎರಡನೆಯ ಅಕ್ಷರಕ್ಕೆ ಕೆಳಗೆ ಒತ್ತುಗಳು ಸೇರುವುದರಿಂದ ಸಾಲಿನ ಎತ್ತರ ಹೆಚ್ಚು ಬೇಕು, ‘ಬಸವ’ನಿಗೆ ಅದು ಬೇಡ. ಪುಟದಲ್ಲಿ ಮಾದರಿಯಾಗಿ ತೋರುವ ಅಚ್ಚಿನ ಅಕ್ಷರಕ್ಕೂ ಕೆತ್ತುವವರ ಕೈಬರಹದ ಅಕ್ಷರಕ್ಕೂ ಭೇದವಿದ್ದರೆ ಅದನ್ನು ಸ್ಪಷ್ಟವಾಗಿ ಹೇಳಿರಬೇಕು. ಕೊಳ್ಳುವವರು ಹೆಸರನ್ನು ರೋಮನ್ ಲಿಪಿಯಲ್ಲಿ ಬೆರಳಚ್ಚಿಸಿ ಕನ್ನಡದಲ್ಲಿ ಕೆತ್ತಿಕೊಡಿ ಎಂದರಂತೂ ಅನರ್ಥಕ್ಕೆ ಬಾಗಿಲು ತೆರೆದಂತೆಯೇ. ರೋಮನ್ನಿನಲ್ಲಿ ‘ಕಮಲ’, ‘ಕಮಲಾ’, ‘ಕಾಮಾಲ’ ಎಲ್ಲವೂ ಒಂದೇ.

ಆದ್ದರಿಂದ ಹಣ ಸಂದಾಯವಾದ ಕೂಡಲೇ ಉಳಿ ಎತ್ತುವ ಪದ್ಧತಿ ಇಲ್ಲಿ ಸಲ್ಲದು. ಕೆತ್ತುವವರು ಕಾಗದದ ಮೇಲೆ ನಕ್ಷೆ ಬರೆದು, ಹೆಸರನ್ನು ಕೆತ್ತುವ ರೂಪದಲ್ಲಿಯೇ ಬರೆದು, ಅದರ ಛಾಯಾಚಿತ್ರವನ್ನು ಕಳುಹಿಸಿ, ಮಾಡಿಸುವವರ ಒಪ್ಪಿಗೆ ಬಂದ ಬಳಿಕವೇ ಮರವನ್ನು ಕೊಯ್ಯಬೇಕು. ವೂಕಾಮರ್ಸಿನ ಮೂಲದಲ್ಲಿ ಬೇಡಿಕೆಯ ಸ್ಥಿತಿಗಳು ‘ಹಣ ಬರಬೇಕು’, ‘ಕೆಲಸ ನಡೆದಿದೆ’, ‘ಮುಗಿಯಿತು’ ಎಂಬ ಬಗೆಯವೇ ಹೊರತು ‘ನಕ್ಷೆ ಒಪ್ಪಿಗೆಯಾಯಿತು’ ಎಂಬುದಿಲ್ಲ, ಅದನ್ನು ಸೇರಿಸಿಕೊಳ್ಳಬಹುದು. ಮುಂಗಡವನ್ನು ಮಾತ್ರ ಪಡೆದು ಉಳಿದುದನ್ನು ಕಳುಹಿಸುವ ಮುನ್ನ ಪಡೆಯುವ ಏರ್ಪಾಡಿಗೂ ಬೇರೆ ಜೋಡಣೆ ಬೇಕು. ಹಣದ ಸಾಗಾಟಕ್ಕೆ 2016ರಲ್ಲಿ ಬಂದ ಯುಪಿಐ ಇರುವುದರಿಂದ ಈಗ ತೊಂದರೆಯಿಲ್ಲ. ಹಳ್ಳಿಯ ಸಂತೆಯಲ್ಲಿ ಸೊಪ್ಪು ಮಾರುವವರಿಗೂ ಅದು ಪರಿಚಿತ.

ಕಾನೂನಿನ ಮಾತೂ ಇಲ್ಲಿ ಬರುತ್ತದೆ. 2020ರ ಜುಲೈಯಲ್ಲಿ ಜಾರಿಗೆ ಬಂದ ಗ್ರಾಹಕ ಸಂರಕ್ಷಣೆಯ ಇ-ವಾಣಿಜ್ಯ ನಿಯಮಗಳ ಪ್ರಕಾರ ಮಾರುವವರ ಹೆಸರು, ವಿಳಾಸ, ಎಲ್ಲ ವೆಚ್ಚಗಳೂ ಕೂಡಿದ ಒಟ್ಟು ಬೆಲೆ, ಹಿಂದಿರುಗಿಸುವ ಕ್ರಮ ಇವು ಪುಟದಲ್ಲಿ ತೋರಬೇಕು. ದೂರು ಬಂದರೆ 48 ಗಂಟೆಗಳೊಳಗೆ ತಲುಪಿತೆಂದು ತಿಳಿಸಿ ಒಂದು ತಿಂಗಳೊಳಗೆ ಬಗೆಹರಿಸಬೇಕು. ‘ಒಪ್ಪಿದ್ದೇನೆ’ ಎಂಬ ಗುರುತನ್ನು ಅಂಗಡಿಯವರೇ ಮೊದಲೇ ಹಾಕಿಡುವಂತಿಲ್ಲ. ಹೇಳಿ ಮಾಡಿಸಿದ್ದೆಂಬ ಕಾರಣಕ್ಕೆ ಏನನ್ನೂ ಹಿಂದಕ್ಕೆ ಪಡೆಯುವುದಿಲ್ಲವೆಂದು ಬರೆಯುವವರು ಒಂದನ್ನು ಮರೆಯಬಾರದು. ವಸ್ತುವಿನಲ್ಲಿ ದೋಷವಿದ್ದರೆ ಅಥವಾ ಹೇಳಿದ ಗುಣ ಅದರಲ್ಲಿ ಇಲ್ಲದಿದ್ದರೆ ಹಿಂದಕ್ಕೆ ಪಡೆಯಲು ನಿರಾಕರಿಸುವಂತಿಲ್ಲ. ಒಪ್ಪಿದ ನಕ್ಷೆಯ ಪ್ರತಿ ಇಬ್ಬರ ಬಳಿಯೂ ಇದ್ದರೆ ಹೇಳಿದ್ದೇನು, ಮಾಡಿದ್ದೇನು ಎಂಬುದು ನಿರ್ವಿವಾದವಾಗುತ್ತದೆ.

ಮರದ ವಿಷಯದಲ್ಲಿ ಎಚ್ಚರಿಕೆ ಇನ್ನೂ ಹೆಚ್ಚು ಬೇಕು. ಗುಡಿಗಾರರು ಒಂದು ಕಾಲಕ್ಕೆ ದಂತದ ಕೆತ್ತನೆಗೂ ಹೆಸರಾಗಿದ್ದರು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯೂ, 1986 ಮತ್ತು 1991ರ ತಿದ್ದುಪಡಿಗಳೂ ದಂತದ ವ್ಯಾಪಾರವನ್ನು ಸಂಪೂರ್ಣವಾಗಿ ನಿಷೇಧಿಸಿದವು. ಆನೆಯ ಪ್ರಾಣದ ದೃಷ್ಟಿಯಿಂದ ಅದು ಆಗಬೇಕಾದದ್ದೇ. ಹಳೆಯ ದಂತದ ವಸ್ತುವಿನ ಚಿತ್ರವನ್ನು ಅಂಗಡಿಯ ಪುಟದಲ್ಲಿ ಹೆಮ್ಮೆಗಾಗಿ ಹಾಕುವುದೂ ಅಪಾಯಕರ. ಶ್ರೀಗಂಧವು ಕರ್ನಾಟಕ ಅರಣ್ಯ ಕಾಯಿದೆಯ ಕಟ್ಟುಪಾಡಿಗೆ ಒಳಪಟ್ಟದ್ದು. 2001ರ ತಿದ್ದುಪಡಿಯಿಂದ ತನ್ನ ಜಮೀನಿನಲ್ಲಿ ಬೆಳೆದ ಗಂಧಕ್ಕೆ ರೈತನೇ ಒಡೆಯನಾದರೂ ಕಡಿಯುವುದು, ಸಾಗಿಸುವುದು, ಮಾರುವುದು ಇಲಾಖೆಯ ಅನುಮತಿಯಿಂದಲೇ ಆಗಬೇಕು. ಮರ ಎಲ್ಲಿಂದ ಬಂದಿತೆಂಬ ರಸೀದಿಯನ್ನು ಕಸಬುದಾರರು ಕಾಪಾಡಿಕೊಳ್ಳುತ್ತಾರೆ. ಆ ರಸೀದಿಯ ಸಂಖ್ಯೆಯನ್ನು ಆಯಾ ವಸ್ತುವಿನ ಬೇಡಿಕೆಯ ದಾಖಲೆಯಲ್ಲಿ ಒಂದು ಅಂಕಣವಾಗಿ ಸೇರಿಸಿಡುವುದು ತಂತ್ರಾಂಶದಲ್ಲಿ ಅತಿ ಸುಲಭ. ಗಂಧದೆಣ್ಣೆ ಸವರಿದ ಬೇರೆ ಮರವನ್ನು ಗಂಧವೆಂದು ಮಾರುವವರ ನಡುವೆ ಇಂತಹ ಒಂದು ಸಾಲು ನೂರು ಹೊಗಳಿಕೆಗಳಿಗಿಂತ ಹೆಚ್ಚು ವಿಶ್ವಾಸವನ್ನು ತರುತ್ತದೆ.

ಇಷ್ಟಾದರೂ ಅಂಗಡಿಯನ್ನು ನೋಡಿಕೊಳ್ಳುವವರಾರು ಎಂಬುದೇ ನಿಜವಾದ ಗಂಟು. ಮುಕ್ತ ತಂತ್ರಾಂಶಕ್ಕೆ ಬೆಲೆಯಿಲ್ಲದಿರಬಹುದು. ಅದನ್ನು ಇರಿಸುವ ಸರ್ವರಿಗೆ ಬಾಡಿಗೆಯುಂಟು, ಡೊಮೇನ್ ಹೆಸರಿಗೆ ವಾರ್ಷಿಕ ಶುಲ್ಕವುಂಟು. ತಿದ್ದುಪಡಿಗಳು ಬಂದಾಗ ಹಾಕಿಕೊಳ್ಳದಿದ್ದರೆ ಕಳ್ಳರು ನುಗ್ಗುವ ಕಿಂಡಿಗಳು ತೆರೆದೇ ಉಳಿಯುತ್ತವೆ. ಬೇಡಿಕೆಗಳ ಬ್ಯಾಕಪ್ಪನ್ನು ಬೇರೆಡೆ ತೆಗೆದಿಡದಿದ್ದರೆ ಒಂದು ರಾತ್ರಿಯಲ್ಲಿ ಹತ್ತು ವರ್ಷದ ಲೆಕ್ಕ ಹೋಗಬಹುದು. ಕೊಂಡವರ ಹೆಸರು, ವಿಳಾಸ, ಮನೆಯ ದೇವರು, ಮದುವೆಯ ದಿನ ಇವೆಲ್ಲ ಅಲ್ಲಿರುವುದರಿಂದ, 2023ರ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯಿದೆಯನ್ನು ಬದಿಗಿಟ್ಟು ನೋಡಿದರೂ, ಅದನ್ನು ಕಾಪಾಡುವುದು ಅಂಗಡಿಕಾರರ ಧರ್ಮ. ಉಳಿ ಹಿಡಿದ ಕೈಗೆ ಇದನ್ನೆಲ್ಲ ಹೊರಿಸುವುದು ನ್ಯಾಯವಲ್ಲ. ಒಂದು ಕುಟುಂಬಕ್ಕೆ ಭಾರವಾದದ್ದು ಹತ್ತು ಕುಟುಂಬಗಳ ಸಹಕಾರ ಸಂಘಕ್ಕೆ ಭಾರವಾಗದು. ಮಲೆನಾಡಿನ ಶಾಲೆಗಳಲ್ಲಿ ಓದಿ ಬೆಂಗಳೂರಿನ ತಂತ್ರಾಂಶ ಸಂಸ್ಥೆಗಳಲ್ಲಿ ಉದ್ಯೋಗದಲ್ಲಿರುವ ಹಳೆಯ ವಿದ್ಯಾರ್ಥಿಗಳು ಊರಿಗೆ ದೇಣಿಗೆ ಕೊಡುವುದನ್ನು ಎಲ್ಲರೂ ಬಲ್ಲರು. ಅಂತಹವರಲ್ಲಿ ಇಬ್ಬರು ತಿಂಗಳಿಗೆ ಎರಡು ಭಾನುವಾರಗಳನ್ನು ಇದಕ್ಕೆ ಕೊಟ್ಟರೆ ಈ ಗಂಟು ಬಹುಮಟ್ಟಿಗೆ ಸಡಿಲುತ್ತದೆ. ಆದರೆ ಗುಪ್ತಪದಗಳೆಲ್ಲ ಒಬ್ಬರ ಬಳಿಯೇ ಇರಬಾರದು. ಅವರು ವಿದೇಶಕ್ಕೆ ಹೊರಟುಹೋದ ದಿನ ಅಂಗಡಿಯ ಬೀಗದ ಕೈಯೂ ಹೋದಂತಾಗುತ್ತದೆ.

ಗಿರಾಕಿಗಳು ಈ ಅಂಗಡಿಯನ್ನು ಕಾಣುವುದು ಹೇಗೆಂಬ ಆಕ್ಷೇಪ ಸಹಜ. ಮಹಾಸಂತೆಯಲ್ಲಿ ಜನಸಂದಣಿ ಇದೆ, ಸ್ವಂತ ಅಂಗಡಿ ಓಣಿಯ ಕೊನೆಯಲ್ಲಿದೆ. ಕೇಂದ್ರ ಸರ್ಕಾರದ ಬೆಂಬಲದಿಂದ 2021ರ ಕೊನೆಯಲ್ಲಿ ಸ್ಥಾಪಿತವಾಗಿ 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನಲ್ಲಿ ಸಾರ್ವಜನಿಕ ಪ್ರಯೋಗಕ್ಕೆ ಬಂದ ಓಎನ್‌ಡಿಸಿ ಜಾಲ ಇದಕ್ಕೊಂದು ಉತ್ತರವಾಗಲು ಹೊರಟದ್ದು. ಬೆಕ್ನ್ ಎಂಬ ಮುಕ್ತ ಕಟ್ಟಳೆಯನ್ನು ಅನುಸರಿಸುವ ಇದರಲ್ಲಿ ಮಾರುವವರು ಒಂದು ತಂತ್ರಾಂಶದಲ್ಲಿಯೂ ಕೊಳ್ಳುವವರು ಇನ್ನೊಂದರಲ್ಲಿಯೂ ಇದ್ದು ಒಬ್ಬರನ್ನೊಬ್ಬರು ಕಾಣಬಹುದು. ಬೆಂಗಳೂರಿನ ಆಟೋ ಚಾಲಕರ ‘ನಮ್ಮ ಯಾತ್ರಿ’ಯೂ ಈ ಕಟ್ಟಳೆಯ ಮೇಲೆಯೇ ನಿಂತದ್ದು. ದಿನಸಿಗೆ, ಊಟಕ್ಕೆ ಇದು ಹೊಂದುವಷ್ಟು ಸುಲಭವಾಗಿ ಹೇಳಿ ಮಾಡಿಸುವ ಕೆತ್ತನೆಗೆ ಹೊಂದಲಾರದು. ಅದಕ್ಕಿಂತ, ಒಮ್ಮೆ ಮಾಡಿಸಿಕೊಂಡವರ ಬಾಯಿಮಾತೇ ಇಂತಹ ಕಸಬಿಗೆ ದೊಡ್ಡ ಪ್ರಚಾರ. ಕಳುಹಿಸಿದ ವಸ್ತುವಿನ ಅಡಿಯಲ್ಲಿ ಕೆತ್ತಿದವರ ಹೆಸರೂ ಊರೂ ಇದ್ದು, ಅದೇ ಹೆಸರನ್ನು ಅಂತರಜಾಲದಲ್ಲಿ ಹುಡುಕಿದರೆ ಅವರದೇ ಅಂಗಡಿ ಸಿಗುವಂತಾದರೆ ಓಣಿಯ ಕೊನೆಯೂ ದೂರವಾಗದು. ವಿದೇಶದವರಿಗೆ ಕಳುಹಿಸಲು 2022ರಿಂದ ಅಂಚೆ ಇಲಾಖೆಯ ‘ಡಾಕ್ ಘರ್ ನಿರ್ಯಾತ್’ ಕೇಂದ್ರಗಳಿವೆ; ಗಂಧದ ವಸ್ತುವಾದರೆ ರಫ್ತಿನ ನಿಯಮಗಳನ್ನು ಮೊದಲು ವಿಚಾರಿಸಿಕೊಳ್ಳಬೇಕು.

ಕೊನೆಯದಾಗಿ, ಬೇಡಿಕೆಯು ಪರದೆಯಿಂದ ಕೆತ್ತುವ ಮಣೆಯವರೆಗೆ ತಲುಪುವ ಬಗೆ. ಹಿರಿಯ ಕಸಬುದಾರರು ದೂರವಾಣಿಯ ಪುಟ್ಟ ಪರದೆಯನ್ನು ನೋಡುತ್ತ ಕೆತ್ತಲಾರರು. ಗಂಧದ ಹುಡಿ ಮೆತ್ತಿದ ಬೆರಳಿಗೆ ಅದು ಒಗ್ಗದು. ಆದ್ದರಿಂದ ಒಂದೊಂದು ಬೇಡಿಕೆಯನ್ನೂ ಒಂದೇ ಹಾಳೆಯಲ್ಲಿ, ಕನ್ನಡದಲ್ಲಿ, ದಪ್ಪಕ್ಷರದಲ್ಲಿ ಅಚ್ಚಾಗುವಂತೆ ತಂತ್ರಾಂಶವನ್ನು ಹೊಂದಿಸಬೇಕು. ಮೇಲೆ ವಸ್ತು, ಮರ, ಅಂಗುಲದ ಅಳತೆ. ನಡುವೆ ಒಪ್ಪಿಗೆಯಾದ ನಕ್ಷೆ. ಕೆಳಗೆ ಕೆತ್ತಬೇಕಾದ ಹೆಸರು, ಮುಗಿಸಬೇಕಾದ ದಿನ. ಬೆಲೆ, ದೂರವಾಣಿ ಸಂಖ್ಯೆ ಮುಂತಾದವು ಆ ಹಾಳೆಯಲ್ಲಿ ಬೇಕಿಲ್ಲ. ಕೆತ್ತನೆ ಮುಗಿದ ಮೇಲೆ ಹಾಳೆಯ ಬೆನ್ನಿನಲ್ಲಿ ಕೆತ್ತಿದವರು ಸಹಿ ಹಾಕಿ ಕಡತದಲ್ಲಿಟ್ಟರೆ, ಇಪ್ಪತ್ತು ವರ್ಷಗಳ ತರುವಾಯ ಅದೇ ಮನೆಯ ಮಗಳು ತನ್ನ ಮದುವೆಗೆ “ಅಮ್ಮನ ಪೆಟ್ಟಿಗೆಯಂಥದೇ ಒಂದು ಬೇಕು” ಎಂದು ಕೇಳಿದಾಗ ತೆಗೆದು ನೋಡಲು ಅಳತೆಯೂ ಇರುತ್ತದೆ, ಯಾರನ್ನು ಕೇಳಬೇಕೆಂಬುದೂ ತಿಳಿದಿರುತ್ತದೆ.